ಮೂವತ್ತಕ್ಕೆ ಇಪ್ಪತ್ತೊಂದು

ಜೀವಮಾನದಲ್ಲಿ ಯಾರಿಗೂ ಕೊಡದಷ್ಟು ಒಳ್ಳೆಯ ಅಂಕ ಕೊಟ್ಟು ನಾನು ಒಬ್ಬ ಹುಡುಗಿಯನ್ನು ಸ್ಪರ್ಧೆಯಿಂದ ಆಚೆ ತಳ್ಳಿದ್ದೇನೆ. ದ್ವೇಷದಿಂದ ತಳ್ಳಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ಮೆಚ್ಚಿ ತಳ್ಳಿದೆ, ಅದೇ ತೊಂದರೆ. ಅವಳಿಗೆ ಬೇಕಾಗಿದ್ದದ್ದು ಇನ್ನೊಂದೇ ಸುತ್ತು. ತನ್ನ ಪುಟ್ಟ ದೇಶ ಪಶ್ಚಿಮದವರ ದೊಡ್ಡ ಸೈನಿಕ ಒಕ್ಕೂಟವನ್ನು ಸೇರಬೇಕು ಎಂದು, ಅಪ್ಪ ಕೂತು ಕೇಳುತ್ತಿರುವಾಗ, ಅವಳು ಒಂದು ಸಲ ವಾದಿಸಬೇಕಿತ್ತು. ಆ ಸುತ್ತಿಗೂ ಅವಳಿಗೂ ನಡುವೆ ನಾನು ಕೆಂಪು ಪೆನ್ನು ಹಿಡಿದು ಕೂತಿದ್ದೆ.

ನಾನು ಅಲ್ಲಿ ಏಕೆ ಕೂತಿದ್ದೆ ಎಂದರೆ, ನನಗೆ ಬೇರೆ ಕೆಲಸವಿರಲಿಲ್ಲ. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಹದಿಮೂರು ವರ್ಷ ಸೀಟಿನ ಹಳಿ ವಿನ್ಯಾಸ ಮಾಡಿಕೊಂಡಿದ್ದೆ. ನೀವು ಸೀಟನ್ನು ಹಿಂದಕ್ಕೆ ಜಾರಿಸಿ ಕಾಲು ಚಾಚುತ್ತೀರಲ್ಲ, ಆ ಹಳಿ. ಬ್ಯಾಂಕುಗಳು ಮುಳುಗಿದ ಆ ವರ್ಷ ಅಮೆರಿಕದಲ್ಲಿ ಯಾರೂ ಕಾರು ಕೊಳ್ಳಲಿಲ್ಲ, ಹಾಗಾಗಿ ಯಾರಿಗೂ ಕಾಲು ಚಾಚುವ ಪ್ರಸಂಗ ಬರಲಿಲ್ಲ, ಹಾಗಾಗಿ ನಾನು ಮನೆಯಲ್ಲಿದ್ದೆ. ಕಳಿಸಿಕೊಡುವಾಗ ಮ್ಯಾನೇಜರ್ ನನ್ನನ್ನು ತಬ್ಬಿಕೊಂಡ. ಹದಿಮೂರು ವರ್ಷದಲ್ಲಿ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಮಗಳು ಹೈಸ್ಕೂಲಿನ ಚರ್ಚಾ ತಂಡದಲ್ಲಿದ್ದಳು. ಈ ದೇಶದ ಚರ್ಚಾಸ್ಪರ್ಧೆಗಳ ನಿಯಮವೊಂದು ನನಗೆ ಆಗಷ್ಟೇ ತಿಳಿಯಿತು. ಶಾಲೆಯವರು ಮಕ್ಕಳನ್ನು ಕಳಿಸಿದರೆ ಸಾಲದು, ತೀರ್ಪುಗಾರರನ್ನೂ ಕಳಿಸಬೇಕು. ತೀರ್ಪುಗಾರರು ಎಂದರೆ ಬೇರೆ ಯಾರೂ ಅಲ್ಲ, ಅಪ್ಪ ಅಮ್ಮಂದಿರು. ಒಬ್ಬರೂ ಸಿಗದಿದ್ದರೆ ತಂಡಕ್ಕೆ ಪ್ರವೇಶವಿಲ್ಲ. ಬೇರೆ ಅಪ್ಪಂದಿರಿಗೆಲ್ಲ ಕೆಲಸ ಇನ್ನೂ ಉಳಿದಿತ್ತು, ಅಥವಾ ಉಳಿದಿದೆ ಎಂದು ಹೇಳಿಕೊಳ್ಳುತ್ತಿದ್ದರು. ಹಾಗಾಗಿ ಶಿಕಾಗೋ ಕಡೆಯ ಸ್ಪರ್ಧೆಗೆ ತೀರ್ಪುಗಾರ ಬೇಕು ಎಂದಾಗ ಮಗಳು ನನ್ನ ಹೆಸರು ಕೊಟ್ಟು ಬಂದಳು. ನನ್ನನ್ನು ಕೇಳಲಿಲ್ಲ. ಅವಳಿಗೆ ಕಿರಿಕಿರಿಯೂ ಇತ್ತು. ಎರಡು ದಿನ ತನ್ನ ಸ್ನೇಹಿತೆಯರ ಮುಂದೆ ಬಾಯಿ ತೆರೆಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು.

ವಿಷಯ ಇಷ್ಟು: ಜಾರ್ಜಿಯಾ ಆ ಸೈನಿಕ ಒಕ್ಕೂಟವನ್ನು ಸೇರಬೇಕೆ, ಬೇಡವೆ. ಅಟ್ಲಾಂಟಾ ಇರುವ ಜಾರ್ಜಿಯಾ ಅಲ್ಲ, ರಷ್ಯಾದ ಬಗಲಿನಲ್ಲಿರುವ ಜಾರ್ಜಿಯಾ. ಮೊದಲು ಸೋವಿಯತ್ ಒಕ್ಕೂಟದ ಒಂದು ತುಂಡಾಗಿತ್ತು. ಹಿಂದಿನ ಆಗಸ್ಟ್‌ನಲ್ಲಿ ರಷ್ಯಾದ ಸೈನ್ಯ ಅದರೊಳಗೆ ನುಗ್ಗಿ ಐದೇ ದಿನದಲ್ಲಿ ಯುದ್ಧ ಮುಗಿಸಿತ್ತು. ಆಗ ನಾನು ಇನ್ನೂ ಹಳಿಯ ಮೇಲಿದ್ದೆ, ಸುದ್ದಿಯನ್ನು ಅರ್ಧ ನೋಡಿ ಚಾನೆಲ್ ಬದಲಿಸಿದ್ದೆ.

ಮನೆಯ ಊಟದ ಮೇಜಿನ ಮೇಲೆ ಮಗಳ ಅಭ್ಯಾಸ ಶುರುವಾಯಿತು. ಒಂದು ಸಲ ಸೇರಬೇಕು ಎನ್ನುವಳು, ತಟ್ಟೆ ತೊಳೆದು ಬಂದು ಸೇರಬಾರದು ಎನ್ನುವಳು. ಎರಡನ್ನೂ ಒಂದೇ ಸಿಟ್ಟಿನಲ್ಲಿ ಹೇಳುವಳು. ಕೊನೆಗೆ ನೀನು ನಿಜವಾಗಿ ಯಾವ ಕಡೆ ಎಂದು ಕೇಳಿದರೆ, ನಾಣ್ಯ ಚಿಮ್ಮಿದ ಮೇಲೆ ಗೊತ್ತಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಉತ್ತರ. ಅವರ ಪದ್ಧತಿಯೇ ಹಾಗೆ. ತಂಡಕ್ಕೆ ಇಬ್ಬರು. ಪ್ರತಿ ಸುತ್ತಿಗೂ ಮೊದಲು ನಾಣ್ಯ ಚಿಮ್ಮುತ್ತಾರೆ, ಗೆದ್ದವರು ಪಕ್ಷ ಆರಿಸಿಕೊಳ್ಳುತ್ತಾರೆ, ಸೋತವರು ಉಳಿದದ್ದನ್ನು ನಂಬಿದವರಂತೆ ವಾದಿಸಬೇಕು.

ನಾನು ಸೇರಬೇಕು ಎನ್ನುವವನು. ಪಕ್ಕದಲ್ಲಿ ಪೈಲ್ವಾನನಿದ್ದರೆ ನಾಲ್ಕು ಜನ ಸ್ನೇಹಿತರಿರಬೇಕು, ಒಬ್ಬನಿಗೆ ಹೊಡೆದರೆ ಎಲ್ಲರಿಗೂ ಹೊಡೆದಂತೆ, ಎಷ್ಟು ಚೆಂದದ ನಿಯಮ ಎಂದು ಭಾಷಣ ಮಾಡಿದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ಈಗ ಮೂವರನ್ನೂ ಸಾಕುತ್ತಿದ್ದ ಹೆಂಡತಿ ಹುಳಿಗೆ ಒಗ್ಗರಣೆ ಹಾಕುತ್ತಾ ತಿರುಗಿಯೂ ನೋಡದೆ ಕೇಳಿದಳು.

"ರೀ, ನಮ್ ಪಾಟ್‌ಲಕ್ ಗುಂಪಲ್ಲಿ ಎಷ್ಟು ಮನೆ ಇದೆ?"

"ಹದಿನಾಲ್ಕು."

"ನಿಮ್ ಕೆಲಸ ಹೋದ್ಮೇಲೆ ಎಷ್ಟು ಜನ ಮನೆಗೆ ಬಂದ್ರು?"

ತಿಂಗಳಿಗೊಮ್ಮೆ ಮನೆಗೊಂದು ಅಡುಗೆ ತಂದು ಒಟ್ಟಿಗೆ ಕೂತು ಉಣ್ಣುವ ಗುಂಪು ಅದು. ಯಾರೂ ಬಂದಿರಲಿಲ್ಲ. ಹದಿನಾಲ್ಕೂ ಮನೆಯವರು ಇಮೇಲ್ ಕಳಿಸಿದ್ದರು. ಏನಾದರೂ ಬೇಕಿದ್ದರೆ ಸಂಕೋಚವಿಲ್ಲದೆ ತಿಳಿಸಿ ಎಂದು ಎಲ್ಲರೂ ಬರೆದಿದ್ದರು. ವೆಸ್ಟ್ ಬ್ಲೂಮ್‌ಫೀಲ್ಡ್‌ನ ಡಾಕ್ಟರರೊಬ್ಬರು ಪ್ರಾಣಾಯಾಮದ ವಿಡಿಯೋ ಸೇರಿಸಿದ್ದರು. ಮಗಳ ಮುಂದೆ ಸೋಲಬಾರದೆಂದು ಪಾಟ್‌ಲಕ್ ಬೇರೆ, ಸೈನಿಕ ಒಪ್ಪಂದ ಬೇರೆ ಎಂದೆ. ಹೆಂಡತಿ ಹುಳಿಯ ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಸ್ಪರ್ಧೆ ಶಿಕಾಗೋದ ಪಶ್ಚಿಮದ ಉಪನಗರವೊಂದರ ಶಾಲೆಯಲ್ಲಿ. ಶುಕ್ರವಾರ ಮೂರು ಸುತ್ತು, ಶನಿವಾರ ಬೆಳಿಗ್ಗೆ ಮೂರು ಸುತ್ತು. ಆ ಆರರಲ್ಲಿ ಚೆನ್ನಾಗಿ ಮಾಡಿದ ಹದಿನಾರು ತಂಡಗಳು ಮಧ್ಯಾಹ್ನದ ಸುತ್ತುಗಳಿಗೆ ಹೋಗುತ್ತವೆ. ಅವು ಸಭಾಂಗಣದಲ್ಲಿ, ಜನರ ಮುಂದೆ. ಉಳಿದವರು ಮನೆಗೆ. ಶುರುವಿಗೆ ಮೊದಲು ತೀರ್ಪುಗಾರರಿಗೆ ಕ್ಯಾಂಟೀನಿನಲ್ಲಿ ಇಪ್ಪತ್ತು ನಿಮಿಷದ ಪಾಠವಿತ್ತು. ನಾನು ಅದನ್ನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಕಾರಣ ಡೋನಟ್ಟಿನ ಮೇಜಿನ ಹತ್ತಿರ ಸಿಕ್ಕ ಒಬ್ಬ ಹುಬ್ಬಳ್ಳಿಯವರು. ಅಲ್ಲೇ ಹತ್ತಿರದ ಲೆಮಾಂಟ್‌ನಲ್ಲಿ ಮನೆ, ದೊಡ್ಡ ಕಂಪನಿಯಲ್ಲಿ ಐಟಿ ಡೈರೆಕ್ಟರ್. ನನ್ನ ಮುಖ ನೋಡಿದ ಕೂಡಲೇ ಕನ್ನಡದಲ್ಲಿ ಶುರುಮಾಡಿದರು.

"ಏನ್ರೀ ಸರ, ನಿಮ್ ಡೆಟ್ರಾಯಿಟ್ ಪೂರಾ ಮುಳುಗೇತಂತಲ್ಲ?"

"ಮುಳುಗಿದೆ ಸಾರ್. ನಾನು ಅದರ ಒಳಗಿಂದಾನೇ ಮಾತಾಡ್ತಾ ಇರೋದು."

"ರೆಸ್ಯೂಮೆ ಕಳಸ್ರಿ, ನೋಡೂಣು."

ಆ ಒಂದು ಮಾತಿಗೆ ನಾನು ಪಾಠ ಹೇಳುತ್ತಿದ್ದ ಮೇಡಂಗೆ ಬೆನ್ನು ಹಾಕಿ, ಸೀಟಿನ ಹಳಿಗೂ ಐಟಿಗೂ ಇರುವ ಸಂಬಂಧವನ್ನು ಇಪ್ಪತ್ತು ನಿಮಿಷ ವಿವರಿಸಿದೆ. ಅಂಕ ಮೂವತ್ತಕ್ಕೆ ಎಂಬುದೊಂದು ಮಾತ್ರ ಕಿವಿಗೆ ಬಿತ್ತು. ಮಿಕ್ಕಿದ್ದಕ್ಕೆ ನನಗೆ ಯಾರ ಪಾಠವೂ ಬೇಡ ಎಂದುಕೊಂಡೆ. ಅಂಕ ಕೊಡುವುದು ನಮ್ಮ ವಂಶದ ಕಸುಬು. ನಮ್ಮಪ್ಪ ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದರು, ಬೇಸಿಗೆಯೆಲ್ಲ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುತ್ತಿದ್ದರು. ಪೂರ್ತಿ ಅಂಕ ಕೊಟ್ಟರೆ ಹುಡುಗರು ಕೆಟ್ಟುಹೋಗುತ್ತಾರೆ ಎಂದು ನಂಬಿದ್ದರು. ಉತ್ತರ ಸರಿಯಿದ್ದರೂ ಅಕ್ಷರ ನೋಡಿ ಅರ್ಧ ಕಡಿಯುತ್ತಿದ್ದರು. ನಾನು ಇಂಜಿನಿಯರಿಂಗಿನಲ್ಲಿ ನೂರಕ್ಕೆ ಅರವತ್ತು ಬಂದು ಫಸ್ಟ್ ಕ್ಲಾಸ್ ಆದಾಗ ಬೀದಿಗೆಲ್ಲ ಮೈಸೂರು ಪಾಕು ಹಂಚಿದರು, ನನಗೆ ಮಾತ್ರ "ಪರವಾಗಿಲ್ಲ" ಎಂದರು. ಅದು ಅವರ ಬಾಯಿಂದ ಬಂದ ಅತ್ಯಂತ ದೊಡ್ಡ ಹೊಗಳಿಕೆ. ನನಗೆ ಅದು ಗೊತ್ತಿತ್ತು, ಒಂದು ವಾರ ಕಾಲು ನೆಲದ ಮೇಲಿರಲಿಲ್ಲ.

ನನ್ನನ್ನು ಮೀಸಲು ತೀರ್ಪುಗಾರ ಮಾಡಿದ್ದರು. ಯಾರಾದರೂ ತಪ್ಪಿಸಿಕೊಂಡರೆ ಮಾತ್ರ ಕರೆ. ಐದು ಸುತ್ತು ಯಾರೂ ತಪ್ಪಿಸಿಕೊಳ್ಳಲಿಲ್ಲ. ನಾನು ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ, ಕೆಲಸವಿಲ್ಲದೆ ಕೂರುವುದರಲ್ಲಿ ನನಗೆ ಬಂದುಬಿಟ್ಟಿದ್ದ ಅನುಭವವನ್ನು ಮುಂದುವರಿಸಿದೆ.

ಸುತ್ತುಗಳ ನಡುವೆ ಪಕ್ಕದ ಮೇಜಿಗೆ ಒಬ್ಬ ಅಜ್ಜಿ ಬಂದು ಕೂರುತ್ತಿದ್ದರು. ಕಪ್ಪು ಬಟ್ಟೆ, ತಲೆಗೆ ಕಪ್ಪು ಸ್ಕಾರ್ಫು, ತೊಡೆಯ ಮೇಲೆ ದೊಡ್ಡ ಚೀಲ. ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಒಂದು ಸಲ ಚೀಲದಿಂದ ಮೇಣದಬತ್ತಿಯಂಥದ್ದೊಂದನ್ನು ತೆಗೆದು ನನ್ನ ಕಡೆ ಚಾಚಿದರು. ದಾರಕ್ಕೆ ಪೋಣಿಸಿ ದ್ರಾಕ್ಷಿರಸದ ಗಂಜಿಯಲ್ಲಿ ಅದ್ದಿ ಒಣಗಿಸಿದ ಅಕ್ರೋಟು. ಮೊಟ್ಟೆ ಏನಾದರೂ ಇದೆಯೋ ಎಂದು ತಿರುಗಿಸಿ ನೋಡಿದೆ. ಅಜ್ಜಿಗೆ ನನ್ನ ಅನುಮಾನ ಅರ್ಥವಾಗಿ ನಕ್ಕು ತಾವೇ ಕಚ್ಚಿ ತೋರಿಸಿದರು. ತಿಂದೆ, ಬಹಳ ಚೆನ್ನಾಗಿತ್ತು.

ಜೊತೆಗೆ ಮೊಮ್ಮಗಳೂ ಬರುತ್ತಿದ್ದಳು. ಹದಿನಾರು ವರ್ಷವಿರಬಹುದು, ತೆಳ್ಳಗೆ, ದೊಡ್ಡವರ ಕೋಟು ಹಾಕಿಕೊಂಡಿದ್ದಳು. ಅವರು ಜಾರ್ಜಿಯಾದವರು. ಅವಳು ಅಪ್ಪ ಅಮ್ಮನ ಜೊತೆ ಚಿಕ್ಕವಳಿದ್ದಾಗಲೇ ಬಂದವಳು, ಅಜ್ಜಿ ಮಾತ್ರ ಆಗಸ್ಟ್‌ನ ನಂತರ ಬಂದವರು. ಅಜ್ಜಿಯ ಬೀದಿಯ ಕೊನೆಯ ಮನೆಯ ಮೇಲೆ ಬಾಂಬು ಬಿದ್ದಿತ್ತು.

ಶನಿವಾರ ಬೆಳಿಗ್ಗೆ ಐದನೆಯ ಸುತ್ತು ಮುಗಿಸಿ ಬಂದವಳು ನನ್ನ ಎದುರು ಧಪ್ಪನೆ ಕೂತಳು. ಐದು ಸಲ ನಾಣ್ಯ ಸೋತಿದ್ದೇನೆ, ಐದು ಸಲವೂ ಎದುರಾಳಿಗಳು 'ಸೇರಬೇಕು' ಎಂಬುದನ್ನು ಎತ್ತಿಕೊಂಡರು, ನಾನು ಐದು ಸಲವೂ ಸೇರಬಾರದು ಎಂದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾಲ್ಕು ಸಲ ಗೆದ್ದಿದ್ದಳಂತೆ. ಅಜ್ಜಿ ಪ್ರತಿ ಸುತ್ತಿನಲ್ಲೂ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಾರೆ, ಆಮೇಲೆ ಏನು ಹೇಳಿದೆ ಎಂದು ವಿಚಾರಿಸುತ್ತಾರೆ.

"ಏನು ಹೇಳುತ್ತೀಯ?" ಎಂದು ಕೇಳಿದೆ.

"ನಮ್ಮನ್ನು ಸೇರಿಸಿಕೊಳ್ಳಿ ಎಂದು ಹೇಳಿದೆ ಎನ್ನುತ್ತೇನೆ."

ಅಜ್ಜಿ ನಮ್ಮಿಬ್ಬರನ್ನೂ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ಹುಡುಗಿಯ ಆತಂಕ ಅಜ್ಜಿಯ ಬಗ್ಗೆ ಅಲ್ಲ, ಅಪ್ಪನ ಬಗ್ಗೆ. ಅಪ್ಪ ದೊಡ್ಡ ಟ್ರಕ್ಕು ಓಡಿಸುವವರು, ಇಂಡಿಯಾನಾದಲ್ಲಿ ಸರಕು ಇಳಿಸಿ ಮಧ್ಯಾಹ್ನದ ಸುತ್ತಿಗೆ ಬರುತ್ತೇನೆಂದು ಫೋನು ಮಾಡಿದ್ದರು. ಅವರಿಗೆ ಇಂಗ್ಲಿಷು ಬರುತ್ತದೆ. ಮಧ್ಯಾಹ್ನಕ್ಕೆ ಆಯ್ಕೆಯಾದರೆ, ನಾಣ್ಯ ಒಮ್ಮೆ ನನ್ನ ಕಡೆ ಬಿದ್ದರೆ ಸಾಕು, ಅಪ್ಪನ ಮುಂದೆ ನಮ್ಮ ಪರವಾಗಿ ಮಾತಾಡುತ್ತೇನೆ ಎಂದಳು. ಇನ್ನೊಂದು ಸುತ್ತು ಗೆದ್ದರೆ ಹೆಚ್ಚುಕಡಿಮೆ ಆಯ್ಕೆ ಖಚಿತ.

ಆರನೆಯ ಸುತ್ತಿಗೆ ತೀರ್ಪುಗಾರರೊಬ್ಬರು ಕಾರು ಹಿಮದಲ್ಲಿ ಸಿಕ್ಕಿಕೊಂಡಿತೆಂದು ತಪ್ಪಿಸಿಕೊಂಡರು. ನನ್ನನ್ನು ಕರೆದು ಹಾಳೆ ಕೊಟ್ಟರು. ಕೋಣೆಯ ಬಾಗಿಲು ತೆಗೆದರೆ ಅದೇ ಹುಡುಗಿ, ಅದೇ ಕೋಟು, ಹಿಂದಿನ ಬೆಂಚಿನಲ್ಲಿ ಅದೇ ಅಜ್ಜಿ. ಪರಿಚಯವಿದೆ ಎಂದು ಆಗಲೇ ಹೋಗಿ ಹೇಳಿದ್ದರೆ ಬೇರೆಯವರನ್ನು ಕಳಿಸುತ್ತಿದ್ದರು. ನಾನು ಹೇಳಲಿಲ್ಲ. ನಿಷ್ಪಕ್ಷಪಾತ ಎಂದರೆ ಏನೆಂದು ಇವರಿಗೆಲ್ಲ ತೋರಿಸುತ್ತೇನೆ ಎಂದು ಮುಖ ಗಂಟು ಹಾಕಿಕೊಂಡು ಕೂತೆ. ಅಂದರೆ ನಮ್ಮಪ್ಪನೇ ಆದೆ.

ನಾಣ್ಯ ಚಿಮ್ಮಿದರು. ಅವಳು ಸೋತಳು.

ಎದುರಾಳಿಗಳು ಟೈ ಕಟ್ಟಿದ ಇಬ್ಬರು ಹುಡುಗರು. ಸೇರಿದ್ದರೆ ಆಗಸ್ಟ್‌ನ ಯುದ್ಧವೇ ಆಗುತ್ತಿರಲಿಲ್ಲ, ಬೆನ್ನ ಹಿಂದೆ ಇಷ್ಟು ಸೈನ್ಯಗಳಿರುವಾಗ ಯಾರು ಮುಟ್ಟುತ್ತಾರೆ ಎಂದು ವಾದಿಸಿದರು. ನಾನು ಊಟದ ಮೇಜಿನಲ್ಲಿ ಮಾಡಿದ ಭಾಷಣವೇ. ಚೆನ್ನಾಗಿಯೇ ಹೇಳಿದರು. ಆಮೇಲೆ ಅವಳು ಎದ್ದಳು.

ಸೇರುವುದು ಅಪಾಯವಲ್ಲ, ಸೇರಿಸಿಕೊಳ್ಳುತ್ತೇವೆ ಎಂದು ಹೇಳಿ ಹೊಸಿಲಲ್ಲಿ ನಿಲ್ಲಿಸುವುದು ಅಪಾಯ ಎಂದಳು. ಆಗ ನೆರೆಯವನಿಗೆ ಸಿಟ್ಟು ಬಂದಿರುತ್ತದೆ, ಸ್ನೇಹಿತ ಇನ್ನೂ ಹೊರಟಿರುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ನಕಾಶೆಯಲ್ಲಿ ನಿಮಗೆ ಹುಡುಕಲು ಬಾರದ ಊರೊಂದಕ್ಕಾಗಿ ನಿಮ್ಮ ಮಗುವನ್ನು ಕಳಿಸುತ್ತೀರಾ? ಕಳಿಸುವುದಿಲ್ಲ ಎಂದಾದರೆ ಆ ಊರಿಗೆ ಮಾತು ಕೊಡಬೇಡಿ. ಮಾತು ಕೊಡದಿದ್ದರೆ ಅವರು ಕನಿಷ್ಠ ತಮ್ಮ ಲೆಕ್ಕ ತಾವು ಹಾಕಿಕೊಳ್ಳುತ್ತಾರೆ. ಅಷ್ಟು ಹೇಳುವಾಗ ಅವಳ ದನಿ ಒಮ್ಮೆಯೂ ಏರಲಿಲ್ಲ. ತಾನು ಅಲ್ಲಿಯವಳೆಂದು ಒಂದು ಮಾತೂ ಬಾಯಿಬಿಡಲಿಲ್ಲ. ಹಿಂದೆ ಅಜ್ಜಿ ಕೈ ಜೋಡಿಸಿಕೊಂಡು, ಮೊಮ್ಮಗಳು ದೇಶಕ್ಕಾಗಿ ಬೇಡುತ್ತಿದ್ದಾಳೆಂದು ನಂಬಿ, ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದರು.

ಊಟದ ಮೇಜಿನ ನನ್ನ ಭಾಷಣ, ಹದಿನಾಲ್ಕು ಇಮೇಲು, ಹೆಂಡತಿಯ ಬೆನ್ನು ಎಲ್ಲವೂ ನೆನಪಾದವು. ನನ್ನ ಮಗಳನ್ನು ನಾನು ಕಳಿಸುವುದಿಲ್ಲ. ಕೇಳಿದ ಕೂಡಲೇ ಗೊತ್ತಾಯಿತು.

ಎಲ್ಲರೂ ಹೊರಗೆ ಹೋದ ಮೇಲೆ ಹಾಳೆ ತುಂಬಿದೆ. ಗೆಲುವು ಅವಳ ತಂಡಕ್ಕೆ, ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಅಂಕಕ್ಕೆ ಬಂದಾಗ ಮನಸ್ಸು ಇಪ್ಪತ್ತಮೂರು ಎಂದಿತು. ಅಕ್ರೋಟು ತಿಂದದ್ದು ನೆನಪಾಯಿತು. ಪಕ್ಷಪಾತವಾಗಬಾರದೆಂದು ಎರಡು ಕಡಿದೆ. ಇಪ್ಪತ್ತೊಂದು. ನೂರಕ್ಕೆ ಎಪ್ಪತ್ತು, ಡಿಸ್ಟಿಂಕ್ಷನ್! ಅವಳ ಜೊತೆಗಾರ್ತಿಗೆ ಹದಿನೆಂಟು, ಫಸ್ಟ್ ಕ್ಲಾಸ್. ಟೈ ಕಟ್ಟಿದವರಿಗೆ ಹದಿನೇಳು, ಹದಿನಾರು. ಷರಾ ಬರೆಯುವ ಜಾಗದಲ್ಲಿ 'ತೃಪ್ತಿಕರ, ಇನ್ನೂ ಸುಧಾರಿಸಬಹುದು' ಎಂದು ಇಂಗ್ಲಿಷಿನಲ್ಲಿ ಮುತ್ತಿನಂತೆ ಬರೆದು ಸಹಿ ಹಾಕಿದೆ. ಕೆಲಸ ಹೋದಮೇಲೆ ಅಷ್ಟು ತೃಪ್ತಿ ನನಗೆ ಯಾವತ್ತೂ ಆಗಿರಲಿಲ್ಲ.

ಮಧ್ಯಾಹ್ನ ಗೋಡೆಗೆ ಪಟ್ಟಿ ಅಂಟಿಸಿದರು. ಮಗಳ ತಂಡ ಇರಲಿಲ್ಲ, ಅದು ನಿರೀಕ್ಷಿತವೇ, ಅವರು ಎರಡೇ ಸುತ್ತು ಗೆದ್ದಿದ್ದರು. ಹುಡುಗಿಯ ತಂಡವೂ ಇರಲಿಲ್ಲ. ಐದು ಗೆಲುವಿನ ತಂಡ ಹೇಗೆ ತಪ್ಪಿತು ಎಂದು ನಾನೇ ಜಗಳಕ್ಕೆ ಹೋದೆ. ಫಲಿತಾಂಶದ ಕೋಣೆಯ ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಐದು ಗೆಲುವಿನ ತಂಡಗಳು ಜಾಗಕ್ಕಿಂತ ಹೆಚ್ಚಿದ್ದವು, ಸಮಬಲವಾದಾಗ ಅಂಕ ಕೂಡಿಸಿ ನೋಡುತ್ತೇವೆ ಎಂದರು. ಅಂಕ ಇಪ್ಪತ್ತೈದರಿಂದ ಮೂವತ್ತರೊಳಗೆ ಕೊಡುವುದು ರೂಢಿ, ಅದಕ್ಕಿಂತ ಕೆಳಗೆ ಇಳಿದರೆ ಆ ಮಕ್ಕಳು ಬೈದಾಡಿದ್ದಾರೆ ಎಂದರ್ಥ. ನಿಮ್ಮ ಕೋಣೆಯಲ್ಲಿ ನಾಲ್ವರೂ ಬೈದಾಡಿದರು ಎಂದುಕೊಂಡೆವು ಎಂದರು.

ಅಂಕ ತಿದ್ದಿಕೊಡುತ್ತೇನೆ ಎಂದು ಬೇಡಿಕೊಂಡೆ. ಪಟ್ಟಿ ಅಂಟಿಸಿದ ಮೇಲೆ ತಿದ್ದುವಂತಿಲ್ಲ. ಹಾಗೆ ತಿದ್ದಿದರೆ ಪಟ್ಟಿಯಲ್ಲಿರುವ ಇನ್ನೊಂದು ತಂಡವನ್ನು ಇಳಿಸಬೇಕಾಗುತ್ತದೆ ಎಂದರು. ಅದು ನ್ಯಾಯವೇ. ಹೊರಗೆ ಹುಬ್ಬಳ್ಳಿಯವರು ಇನ್ನೊಂದು ಡೋನಟ್ ಹಿಡಿದು ನಿಂತಿದ್ದರು. ಎರಡು ದಿನವೂ ಅವರು ತೀರ್ಪು ಕೊಟ್ಟಿದ್ದರು. ನೀವು ಹೇಗೆ ಅಂಕ ಹಾಕಿದಿರಿ ಎಂದು ಕೇಳಿದೆ.

"ಅಯ್ಯ, ಆ ಹುಡುಗ್ರು ಓಡಿಸಿ ಮಾತಾಡೋದು ಯಾರಿಗ್ರೀ ತಿಳೀತದ? ಎಲ್ಲಾರಿಗೂ ಇಪ್ಪತ್ತೆಂಟು ಹಾಕಿ ಕೈ ತೊಳ್ಕೊಂಡೆ."

ಅವರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಾನು ಒಂದಕ್ಷರ ಬಿಡದೆ ಕೇಳಿದವನು.

ತೀರ್ಪಿನ ಹಾಳೆಗಳನ್ನು ಆಮೇಲೆ ತಂಡಗಳಿಗೆ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹುಡುಗಿ ನನ್ನ ಹಾಳೆ ಹಿಡಿದುಕೊಂಡು ಕ್ಯಾಂಟೀನಿಗೆ ಬಂದಳು. ಅವಳಿಗೆ ಸಿಟ್ಟಿರಲಿಲ್ಲ, ಗೊಂದಲವಿತ್ತು.

"ಸರ್, ನಾನು ಏನು ತಪ್ಪು ಮಾಡಿದೆ?"

"ಏನೂ ಇಲ್ಲಮ್ಮ. ನಾನು ಕೇಳಿದ ಮಾತುಗಳಲ್ಲೆಲ್ಲ ನಿನ್ನದೇ ಚೆನ್ನಾಗಿತ್ತು."

"ಮತ್ತೆ ಇಪ್ಪತ್ತೊಂದು?"

ಮೈಸೂರು, ನಮ್ಮಪ್ಪ, ಅರವತ್ತಕ್ಕೆ ಹಂಚಿದ ಮೈಸೂರು ಪಾಕು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಹುಚ್ಚರ ಕಥೆಯ ಹಾಗೆ ಕೇಳಿಸಿತು. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂದರೆ ನೀವು ನಮ್ಮ ಕಡೆ ಇದ್ದಿರಿ."

"ಇದ್ದೆ. ನಿಜವಾಗಿ ಇದ್ದೆ."

"ಆಗಸ್ಟ್‌ನಲ್ಲೂ ನಮ್ಮ ಕಡೆ ತುಂಬ ಜನ ಇದ್ದರು," ಎಂದಳು.

ಕುಹಕವಾಗಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಹವಾಮಾನ ಹೇಳುವ ಹಾಗೆ ಹೇಳಿದಳು. ಕ್ಷಮಿಸು ಎಂದೆ, ಅದು ಅವಳಿಗೆ ಎಷ್ಟು ಉಪಯೋಗವೋ ನನಗೆ ಗೊತ್ತಿತ್ತು. ಅಷ್ಟರಲ್ಲಿ ಅಜ್ಜಿ ಬಂದು ನನ್ನ ಕಡೆ ಕೈ ತೋರಿಸಿ ಮೊಮ್ಮಗಳನ್ನು ಏನೋ ಕೇಳಿದರು. ಅವಳು ತಮ್ಮ ಭಾಷೆಯಲ್ಲಿ ಎರಡು ವಾಕ್ಯ ಹೇಳಿದಳು. ಅಜ್ಜಿಯ ಮುಖ ಅರಳಿತು. ನನ್ನ ಎರಡೂ ಕೈ ಹಿಡಿದು ಅದುಮಿ, ಚೀಲದಲ್ಲಿ ಉಳಿದಿದ್ದ ಅಕ್ರೋಟಿನ ಸರವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಏನು ಹೇಳಿದೆ?" ಎಂದು ಹುಡುಗಿಯನ್ನು ಕೇಳಿದೆ.

"ನಮ್ಮನ್ನು ಗೆಲ್ಲಿಸಿದವರು ಇವರೇ ಎಂದೆ. ನಿಜ ತಾನೆ?"

ನಾವು ಹೊರಡುವಾಗ ಪಟ್ಟಿಯ ಮುಂದೆ ಒಬ್ಬ ದಪ್ಪ ಜಾಕೆಟ್ಟಿನ ಮನುಷ್ಯ ನಿಂತಿದ್ದ. ಬೂಟಿನಿಂದ ಹಿಮ ಕರಗಿ ನೆಲ ಒದ್ದೆಯಾಗಿತ್ತು. ಹೆಸರುಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದ. ಕೊನೆ ಮುಟ್ಟಿದ ಮೇಲೆ ಮತ್ತೆ ಮೇಲಿನಿಂದ ಶುರುಮಾಡಿದ. ಹುಡುಗಿ ಓಡಿಬಂದು ಅವನ ತೋಳು ಹಿಡಿದು ಪಟ್ಟಿಯಿಂದ ಆಚೆ ಕರೆದುಕೊಂಡು ಹೋದಳು.

ಟ್ರಾಯ್‌ಗೆ ವಾಪಸು ಐದು ಗಂಟೆಯ ದಾರಿ. ಮಗಳಿಗೆ ಎಲ್ಲವೂ ಗೊತ್ತಾಗಿತ್ತು, ಸ್ಪರ್ಧೆಗೆ ಬಂದಿದ್ದವರಿಗೆಲ್ಲ ಗೊತ್ತಾಗಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು. ಅರ್ಧ ದಾರಿಯ ಊರು ಕಲಮಜೂ ದಾಟಿದ ಮೇಲೆ ಒಂದನ್ನು ಕಿತ್ತು ಕೇಳಿದಳು.

"ಹೋದ ವರ್ಷ ನನಗೆ ಸೈನ್ಸ್ ಪ್ರೈಜ್ ಬಂದಾಗ ನೀವು 'ಪರವಾಗಿಲ್ಲ' ಅಂದಿರಿ. ಅದು ಮೂವತ್ತಕ್ಕೆ ಎಷ್ಟು, ಅಪ್ಪ?"

ನಾನು ರಸ್ತೆ ನೋಡುತ್ತಲೇ ಯೋಚಿಸಿದೆ.

"ಇಪ್ಪತ್ತೊಂದು."

ಅವಳು ನಮ್ಮಿಬ್ಬರ ನಡುವೆ ಇಟ್ಟಿದ್ದ ಅಕ್ರೋಟಿನ ಸರ ತೆಗೆದು ಮುರಿದು ಅರ್ಧ ನನಗೆ ಕೊಟ್ಟಳು.

"ನಾನು ಹತ್ತು ಅಂದ್ಕೊಂಡಿದ್ದೆ," ಎಂದಳು, ಇಂಗ್ಲಿಷಿನಲ್ಲೇ.